ಬೆಳಗಿನ ಜಾವ 4:40ಕ್ಕೆ ಚುಚ್ಚಿದ ಸೂಜಿ: ಒಂದು ನರ್ಸಿಂಗ್ ಹೋಮ್ ಕೇಸ್

ಒಂದು ಕೇಸ್ ಬರೀತೀನಿ, ಶುರುವಿಂದ ಕೊನೇವರೆಗೂ. ನರ್ಸ್‌ಗಳಿಗೆ ಸೂಜಿ ಚುಚ್ಚೋದು ಹೊಸ ವಿಷ್ಯ ಏನಲ್ಲ, ಹತ್ತು ವರ್ಷ ಸರ್ವಿಸ್ ಆಗಿರೋ ಯಾರನ್ನಾದ್ರೂ ಕೇಳಿ, "ಅಯ್ಯೋ ನಂಗೆ ಎಷ್ಟು ಸಲ ಆಗಿದೆ" ಅಂತ ನಗ್ತಾ ಹೇಳ್ತಾರೆ, ನಾನೂ ಹಾಗೇ ನಗ್ತಾ ಹೇಳ್ತಿದ್ದವಳೇ. ಆದ್ರೆ ಈ ಕೇಸಲ್ಲಿ ನಾನು ಆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್, ಆ ವಾರದ ರೋಸ್ಟರ್ ಹಾಕಿದ್ದು ನಾನೇ, ಅದಕ್ಕೆ ಎಲ್ಲಾ ತಪ್ಪನ್ನೂ ಮ್ಯಾನೇಜ್‌ಮೆಂಟ್ ತಲೆಗೆ ಕಟ್ಟಿ ಬರೆಯೋಕೆ ನಂಗೆ ಬಾಯಿಲ್ಲ. ಊರು, ನರ್ಸಿಂಗ್ ಹೋಮ್ ಹೆಸರು ಹೇಳಲ್ಲ. ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ, 40 ಬೆಡ್ಡು, ಕೆಳಗೆ ಮೆಡಿಕಲ್ ಶಾಪು, ಎದುರಿಗೆ ಎಳನೀರು ಗಾಡಿ. ನೀವು ನೋಡಿರೋ ಹತ್ತಾರು ನರ್ಸಿಂಗ್ ಹೋಮ್ ಹೆಂಗಿರುತ್ವೋ ಹಂಗೇ.

ಸೂಜಿ ಚುಚ್ಚಿಸ್ಕೊಂಡ ನರ್ಸ್ ಹುಡುಗಿಗೆ ವಾರ್ಡಲ್ಲಿ ಎಲ್ರೂ ಪುಟ್ಟಿ ಅಂತಿದ್ವಿ, ಎಲ್ರಿಗಿಂತ ಚಿಕ್ಕವಳು, ಆಳೂ ಚಿಕ್ಕದು. ಹತ್ರದ ಹಳ್ಳಿಯವಳು, ಅಪ್ಪ ಟೈಲರ್. ಜಿಎನ್ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾ ಮುಗ್ಸಿ 2021ರ ನವೆಂಬರಲ್ಲಿ ನಮ್ಮಲ್ಲಿಗೆ ಸೇರಿದ್ಲು. ಕೈಗೆ ಬರ್ತಿದ್ದದ್ದು 13,500. ಎರಡು ವರ್ಷದ ಬಾಂಡ್, ಒರಿಜಿನಲ್ ಮಾರ್ಕ್ಸ್ ಕಾರ್ಡು ಸರ್ಟಿಫಿಕೇಟು ಎಲ್ಲಾ ಆಫೀಸಲ್ಲಿ ಇಟ್ಕೊಂಡಿದ್ರು. ಮಧ್ಯ ಬಿಟ್ಟೋದ್ರೆ ಮೂರು ತಿಂಗಳ ಸಂಬಳ ಕಟ್ಟಬೇಕು. ಇದ್ಯಾವುದೂ ಅವಳೊಬ್ಬಳಿಗೆ ಮಾತ್ರ ಹಾಕಿದ ರೂಲ್ ಅಲ್ಲ, ನಮ್ಮೆಲ್ಲರ ಕಥೇನೂ ಇದೇ.

2022ರ ಆಗಸ್ಟ್. ಮಳೆ ನಿಂತು ನಿಂತು ಬರ್ತಿತ್ತು, ಊರ ತುಂಬಾ ಡೆಂಗಿ. ನಮ್ಮ ಜನರಲ್ ವಾರ್ಡಲ್ಲಿ 18 ಬೆಡ್ಡಿಗೆ 22 ಜನ, ನಾಲ್ಕು ಜನಕ್ಕೆ ಕಾರಿಡಾರಲ್ಲಿ ಮಂಚ ಹಾಕಿದ್ವಿ. ಡೆಂಗಿ ಅಂದ್ರೆ ನರ್ಸ್‌ಗೆ ಏನರ್ಥ ಅಂದ್ರೆ ಎಲ್ರಿಗೂ ಡ್ರಿಪ್ಪು, ಎಲ್ರಿಗೂ ನಾಲ್ಕ್ ನಾಲ್ಕು ಗಂಟೆಗೆ ಬಿಪಿ, ಎಲ್ರಿಗೂ ಬೆಳಗಿನ ಜಾವ ಪ್ಲೇಟ್‌ಲೆಟ್‌ಗೆ ಬ್ಲಡ್ ಎಳೀಬೇಕು, ಯಾಕಂದ್ರೆ ಡಾಕ್ಟರ್ ಎಂಟೂವರೆಗೆ ರೌಂಡ್ಸ್ ಬರೋ ಹೊತ್ತಿಗೆ ರಿಪೋರ್ಟ್ ಕೇಸ್ ಶೀಟಲ್ಲಿ ಇರಬೇಕು.

ನಮ್ಮ ಶಿಫ್ಟ್ ಹಿಂಗಿತ್ತು: ಬೆಳಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ 8, ರಾತ್ರಿ 8ರಿಂದ ಬೆಳಗ್ಗೆ 8. ಸೋಮವಾರ ಪುಟ್ಟಿಗೆ ಮಧ್ಯಾಹ್ನದ ಡ್ಯೂಟಿ. ಸಂಜೆ ಏಳೂವರೆಗೆ ನೈಟ್ ಸಿಸ್ಟರ್ ಫೋನ್ ಮಾಡಿದ್ರು, ಮಗೂಗೆ 103 ಜ್ವರ, ಬರೋಕಾಗಲ್ಲ. ನಂಗೆ ಅವರನ್ನ ಬಯ್ಯೋಕೆ ಬಾಯಿ ಬರ್ಲಿಲ್ಲ, ನನ್ನ ಮಗೂಗೂ ಹೋದ ವಾರ ಅಷ್ಟೇ ಜ್ವರ ಬಂದು ಹೋಗಿತ್ತು. ಇರೋದೇ ಒಂಬತ್ತು ಜನ ನರ್ಸ್, ಎಲ್ರಿಗೂ ಫೋನ್ ಮಾಡ್ದೆ, ಇಬ್ರು ಎತ್ತಲಿಲ್ಲ, ಒಬ್ರು ಊರಲ್ಲಿ ಇರಲಿಲ್ಲ, ಉಳಿದವರು ಬೆಳಗ್ಗೆ ಬರಬೇಕಾದವರು. ಕೊನೆಗೆ ಪುಟ್ಟಿಗೆ ಹೇಳ್ದೆ, "ಇವತ್ತೊಂದಿನ ಕಂಟಿನ್ಯೂ ಮಾಡಮ್ಮಾ, ನಾಳೆ ಆಫ್ ಕೊಡ್ತೀನಿ." ಅವಳು "ಆಯ್ತಕ್ಕ" ಅಂದ್ಲು. ಅವಳು ಯಾವತ್ತೂ ಆಯ್ತಕ್ಕ ಅಂತಾಳೆ ಅನ್ನೋದು ನಂಗೆ ಗೊತ್ತಿತ್ತು, ಅದಕ್ಕೇ ಅವಳಿಗೆ ಹೇಳಿದ್ದು, ಈಗ ಒಪ್ಕೊಳ್ತೀನಿ. ಇನ್ನು ಆ ಆಫ್ ಅನ್ನೋದು ಎಂಥಾ ಆಫ್ ನೋಡಿ, ನೈಟ್ ಮುಗ್ಸಿ ಬಂದ ಮೇಲೆ ಮಲಗೋ ದಿನ ಅದು, ಅದನ್ನೇ ಆಫ್ ಅಂತ ಲೆಕ್ಕ ಹಾಕೋದು ನಮ್ಮ ಕಡೆ ಪದ್ಧತಿ.

ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಲೀವ್ ರಿಸರ್ವ್ ಅಂತ ಒಂದಿದೆ, ಬೇಕಾದ ನರ್ಸ್‌ಗಳ ಸಂಖ್ಯೆ ಮೇಲೆ ಇನ್ನೂ 30 ಪರ್ಸೆಂಟ್ ಜನ ಜಾಸ್ತಿ ಇರಬೇಕು ಅಂತ, ಯಾಕಂದ್ರೆ ನರ್ಸ್‌ಗೂ ಜ್ವರ ಬರುತ್ತೆ, ನರ್ಸ್ ಮಗೂಗೂ ಬರುತ್ತೆ. ಕಾಲೇಜಲ್ಲಿ ಅಡ್ಮಿನಿಸ್ಟ್ರೇಷನ್ ಪೇಪರ್‌ಗೆ ಬಾಯಿಪಾಠ ಮಾಡಿ ಬರ್ದಿದ್ದೆ ಇದನ್ನ. ಒಂಬತ್ತು ಜನರ ರೋಸ್ಟರ್ ಮುಂದೆ ಕೂತಾಗ ಒಂದಿನಾನೂ ನೆನಪಾಗಿರಲಿಲ್ಲ.

ಈಗ ಬೆಳಗಿನ ಜಾವದ ವಿಷ್ಯ. ಅವಳು ಆಮೇಲೆ ಹೇಳಿದ್ದು, ನಾನು ಟ್ರೇ ನೋಡಿದ್ದು, ಎರಡೂ ಸೇರ್ಸಿ ಬರೀತಿದೀನಿ.

ಟ್ರೇಲಿ ಐದು ಎಂಎಲ್ ಸಿರಿಂಜು, 22 ಗೇಜ್ ನೀಡಲ್ಲು, ಬ್ಲಡ್ ಹೆಪ್ಪುಗಟ್ಟದ ಹಾಗೆ ಇಡೋ ನೇರಳೆ ಕ್ಯಾಪಿನ ಇಡಿಟಿಎ ವಯಲ್‌ಗಳು, ಹತ್ತಿ, ಸ್ಪಿರಿಟ್ಟು. ಜೊತೆಗೆ ಬಾಯಿ ಕತ್ತರಿಸಿದ ಒಂದು ಖಾಲಿ ಸಲೈನ್ ಬಾಟ್ಲು. ಇದ್ಯಾಕೆ ಅಂದ್ರೆ ಶಾರ್ಪ್ಸ್, ಅಂದ್ರೆ ಬಳಸಿದ ಸೂಜಿ ಬ್ಲೇಡು, ಹಾಕೋ ಬಿಳಿ ಡಬ್ಬ ಶನಿವಾರವೇ ತುಂಬಿತ್ತು. ಹೊಸ ಡಬ್ಬ ಸ್ಟೋರಲ್ಲಿ ಇತ್ತು, ಇರಲಿಲ್ಲ ಅಂತಲ್ಲ, ಆದ್ರೆ ಸ್ಟೋರ್ ಕೀ ಇರೋದು ಪರ್ಚೇಸ್ ನೋಡ್ಕೊಳ್ಳೋ ಸರ್ ಹತ್ರ, ಅವರು ಬರೋದು ಬೆಳಗ್ಗೆ ಹತ್ತಕ್ಕೆ. ಸೋಮವಾರ ಹಗಲಲ್ಲಿ ಕೇಳಬಹುದಿತ್ತಲ್ಲ ಅಂತೀರಾ, ಕೇಳಬಹುದಿತ್ತು, ಕೇಳಬೇಕಾಗಿದ್ದವಳು ನಾನು, 22 ಪೇಷಂಟ್ ಮಧ್ಯೆ ಮರೆತೆ. ನೀಡಲ್ ಕಟರ್‌ನ ಬ್ಲೇಡ್ ಹೋಗಿ ಒಂದು ತಿಂಗಳಾಗಿತ್ತು, ಅದಕ್ಕೆ ಮಾತ್ರ ಎರಡು ಸಲ ಇಂಡೆಂಟ್ (ಸಾಮಾನು ಬೇಕು ಅನ್ನೋ ಚೀಟಿ) ಬರ್ದಿದ್ದೆ, ಇಂಡೆಂಟ್ ಬುಕ್ ಈಗ್ಲೂ ಇರಬೇಕು ಅಲ್ಲಿ.

ಇನ್ನು ಗ್ಲೌಸು. ಸ್ಟೋರಲ್ಲಿ ತರಿಸ್ತಾ ಇದ್ದದ್ದು ಏಳೂವರೆ ಸೈಜ್ ಮಾತ್ರ, ಡಾಕ್ಟರ್‌ಗಳಿಗೆ ಆಗೋ ಸೈಜು. ಪುಟ್ಟಿ ಕೈ ಆರು. ಗ್ಲೌಸ್ ಹಾಕ್ಕೊಂಡ್ರೆ ಪ್ರತಿ ಬೆರಳ ತುದೀಲೂ ಅರ್ಧ ಇಂಚು ರಬ್ಬರು ಖಾಲಿ ಜೋತಾಡೋದು. ಆ ಬೆರಳಲ್ಲಿ ವೇನ್ ಹುಡುಕೋದು ಅಂದ್ರೆ ಚೀಲ ಹಾಕ್ಕೊಂಡು ಅಕ್ಕಿ ಆರಿಸಿದ ಹಾಗೆ, ಅದಕ್ಕೇ ಎಷ್ಟೋ ಜನ ಗ್ಲೌಸೇ ಹಾಕಲ್ಲ. ಪುಟ್ಟಿ ಹಾಕ್ಕೊಂಡಿದ್ಲು.

ಆಗ್ಲೇ ಹದಿನೈದು ಜನರ ಬ್ಲಡ್ ಎಳೆದಾಗಿತ್ತು. ಹದಿನಾರನೇ ಪೇಷಂಟು ಐವತ್ತರ ಆಸುಪಾಸಿನ ರೈತ, ಮೆಕ್ಕೆಜೋಳ ಬೆಳೆಯೋರು, ಜ್ವರಕ್ಕೆ ಕೈ ನಡುಗ್ತಿತ್ತು. ಬ್ಲಡ್ ಎಳೆದು ವಯಲ್‌ಗೆ ಬಿಟ್ಟು, ನೀಡಲ್ ಎಲ್ಲಿ ಹಾಕೋದು ಅಂತ ನೋಡಿದ್ರೆ ಸಲೈನ್ ಬಾಟ್ಲಲ್ಲಿ ನೀಡಲ್‌ಗಳು ಮೇಲಕ್ಕೆ ಮುಳ್ಳುಹಂದಿ ತರ ಎದ್ದು ನಿಂತಿವೆ. ಅದಕ್ಕೆ ಕ್ಯಾಪ್ ಹಾಕಿ ಟ್ರೇಲಿ ಇಟ್ಕೊಳ್ಳೋಣ ಅಂದ್ಕೊಂಡು ಎಡಗೈಲಿ ಕ್ಯಾಪು ಬಲಗೈಲಿ ಸಿರಿಂಜು. ಆ ಹೊತ್ತಿಗೆ ಕಾರಿಡಾರಿಂದ ಯಾರೋ "ಸಿಸ್ಟ್ರೇ, ಬಾಟ್ಲಿ ಖಾಲಿ ಆತು!" ಅಂದ್ರು. ಅವಳು ಆ ಕಡೆ ತಿರುಗಿದ್ಲು. ಕ್ಯಾಪ್ ಅಂಚಿಗೆ ತಾಗಿದ ನೀಡಲ್ಲು ಜಾರಿ ಗ್ಲೌಸಿನ ಆ ಖಾಲಿ ತುದಿಯ ಮಡಿಕೆ ದಾಟಿ ಎಡಗೈ ತೋರುಬೆರಳಿಗೆ ಹೋಯ್ತು. ಗೋಡೆ ಗಡಿಯಾರ 4:40. ಡ್ಯೂಟಿಗೆ ಬಂದು ಹದಿನಾಲ್ಕೂವರೆ ಗಂಟೆ ದಾಟಿತ್ತು.

ಗ್ಲೌಸ್ ಬಿಚ್ಚಿ ಬೆರಳು ಜೋರಾಗಿ ಹಿಂಡಿದ್ಲು, ಸ್ಪಿರಿಟ್ ಸುರ್ಕೊಂಡ್ಲು, ಬ್ಯಾಂಡೇಜ್ ಸುತ್ತಿ ಹೋಗಿ ಡ್ರಿಪ್ ಬದಲಾಯಿಸಿದ್ಲು. ಹಿಂಡೋದೂ ತಪ್ಪು, ಸ್ಪಿರಿಟ್ಟೂ ತಪ್ಪು, ಹಿಂಡಿದ್ರೆ ಒಳಗಿನ ಟಿಶ್ಯೂಗೆ ಇನ್ನಷ್ಟು ಪೆಟ್ಟಾಗುತ್ತೆ ಅಷ್ಟೇ, ಹರಿಯೋ ನೀರು ಸೋಪು ಹಾಕಿ ತೊಳ್ಕೊಂಡ್ರೆ ಸಾಕು. ನರ್ಸ್ ಆಗಿ ಇಷ್ಟೂ ಗೊತ್ತಿಲ್ವಾ ಅನ್ನಬೇಡಿ. ನಾವು ಟ್ರೈನಿಂಗ್ ಅಂತ ಮಾಡಿದ್ದು ಆಸ್ಪತ್ರೆ ಗುಣಮಟ್ಟಕ್ಕೆ ಮಾನ್ಯತೆ ಕೊಡೋ ಎನ್ಎಬಿಎಚ್‌ನ ಇನ್ಸ್‌ಪೆಕ್ಷನ್‌ಗೆ ಅಂತ ಒಂದು ಪೋಸ್ಟರ್, ಅದೂ ಇಂಗ್ಲಿಷಲ್ಲಿ, ಅದೂ ಬಾಗಿಲ ಹಿಂದೆ.

ಮತ್ತೆ ಆರು ಜನರ ಬ್ಲಡ್ ಎಳೆದ್ಲು, ಹ್ಯಾಂಡೋವರ್ ಕೊಟ್ಲು, ಹಾಸ್ಟೆಲ್‌ಗೆ ಹೋಗಿ ಮಲಗಿದ್ಲು. ಯಾರಿಗೂ ಹೇಳಲಿಲ್ಲ. ನಾನೇ ಹ್ಯಾಂಡೋವರ್ ತಗೊಂಡಿದ್ದು, ಬೆರಳಲ್ಲಿ ಬ್ಯಾಂಡೇಜ್ ನೋಡಿದ ನೆನಪೂ ಇದೆ, ಕೇಳಲಿಲ್ಲ.

ಯಾಕೆ ಹೇಳಲಿಲ್ಲ ಅನ್ನೋದೇ ನನ್ನ ಪ್ರಕಾರ ಈ ಕೇಸಿನ ಮುಖ್ಯ ವಿಷ್ಯ. ಚುಚ್ಚಿದ್ದು ಒಂದು ಸೆಕೆಂಡ್, ಅದರ ಹಿಂದಿನ ಕಾರಣ ನೂರಿರಲಿ. ಆದ್ರೆ ಅದಾದ ಮೇಲೆ ಒಂದೂವರೆ ದಿನ ಸುಮ್ನೆ ಹೋಯ್ತಲ್ಲ, ಆ ಒಂದೂವರೆ ದಿನದಲ್ಲಿ ಅವಳ ಜೀವಕ್ಕೆ ಬೇಕಾಗಿದ್ದ ಟೈಮ್ ಇತ್ತು. ಅವಳು ಹೇಳದೇ ಇರೋದಕ್ಕೆ ಒಂದು ಹಳೇ ಕಥೆ ಕಾರಣ. ಅವಳು ಸೇರಿದ ಎರಡನೇ ತಿಂಗಳಲ್ಲಿ ಒಬ್ಬ ಬ್ರದರ್, ಅಂದ್ರೆ ಗಂಡು ನರ್ಸ್‌ಗೆ ಕ್ಯಾಜುಯಲ್ಟಿಲಿ ಇದೇ ತರ ಚುಚ್ಚಿತ್ತು. ಅವನು ಸರಿಯಾಗಿ ಬಂದು ಹೇಳ್ದ. ಮ್ಯಾನೇಜರ್ ಎಲ್ರ ಮುಂದೆ ಬೈದು, ಬ್ಲಡ್ ಟೆಸ್ಟಿನ ದುಡ್ಡನ್ನ ಅವನ ಸಂಬಳದಲ್ಲಿ ಹಿಡಿದ್ರು. ಇನ್ಸಿಡೆಂಟ್ ರಿಪೋರ್ಟಲ್ಲಿ ಕಾರಣ ಅನ್ನೋ ಕಾಲಮ್ಮಲ್ಲಿ "ಸ್ಟಾಫ್ ಅಜಾಗರೂಕತೆ" ಅಂತ ಬರ್ದಿತ್ತು. ಕೆಳಗೆ ಸೈನ್ ನಂದು. ಅವತ್ತು ಪಕ್ಕದಲ್ಲಿ ಫೈಲ್ ಹಿಡ್ಕೊಂಡು ನಿಂತಿದ್ದವಳು ಪುಟ್ಟಿ.

ಮಂಗಳವಾರ ಅವಳ ಆಫ್. ಬುಧವಾರ ಮಧ್ಯಾಹ್ನ ಡ್ಯೂಟಿಗೆ ಬಂದ್ಲು. ಸಂಜೆ ಆರರ ಸುಮಾರಿಗೆ ಆ ರೈತರ ಹೆಂಡತಿ ಊರಿಂದ ಬಂದ್ರು, ಬುತ್ತಿ ಜೊತೆ ಒಂದು ಪ್ಲಾಸ್ಟಿಕ್ ಕವರಲ್ಲಿ ಹಳೇ ಕಾಗದ, "ಇದು ಹಿಂದಿನ ಆಸ್ಪತ್ರೇದು, ಡಾಕ್ಟ್ರು ಕೇಳಿದ್ರು." 2019ರಲ್ಲಿ ತಾಲ್ಲೂಕು ಆಸ್ಪತ್ರೇಲಿ ಹರ್ನಿಯಾ ಆಪರೇಷನ್‌ಗೆ ಮುಂಚೆ ಮಾಡಿಸಿದ ಟೆಸ್ಟು. ಎಚ್‌ಬಿಎಸ್ಎಜಿ ಪಾಸಿಟಿವ್, ಕೆಂಪು ಪೆನ್ನಲ್ಲಿ ರೌಂಡ್ ಮಾಡಿತ್ತು. ಹೆಪಟೈಟಿಸ್ ಬಿ.

ಆರೂವರೆಗೆ ನಂಗೆ ಫೋನ್ ಬಂತು. ನಾನು ಮನೇಲಿ ಚಪಾತಿ ಹಿಟ್ಟು ಕಲಸ್ತಿದ್ದೆ. "ಅಕ್ಕಾ, ನೀವು ಬಯ್ಯಲ್ಲ ಅಂದ್ರೆ ಒಂದು ಹೇಳ್ತೀನಿ" ಅಂದ್ಲು, ಹಿಂದೆ ನಲ್ಲಿ ನೀರಿನ ಸದ್ದು, ಸ್ಟಾಫ್ ಟಾಯ್ಲೆಟ್ಟಿಂದ ಮಾತಾಡ್ತಿದ್ಲು.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ರಕ್ತ ತುಂಬಿದ ನೀಡಲ್ ಚುಚ್ಚಿದ್ರೆ ಎಚ್‌ಐವಿ ಬರೋ ಚಾನ್ಸ್ ಸುಮಾರು 0.3 ಪರ್ಸೆಂಟ್, ಅಂದ್ರೆ ಪಾಸಿಟಿವ್ ಪೇಷಂಟಿನ ಮುನ್ನೂರು ಚುಚ್ಚುಗಳಲ್ಲಿ ಒಂದು. ಹೆಪಟೈಟಿಸ್ ಬಿ ಹಂಗಲ್ಲ, ವ್ಯಾಕ್ಸಿನ್ ಆಗಿಲ್ದೇ ಇರೋರಿಗೆ 6ರಿಂದ 30 ಪರ್ಸೆಂಟ್. ನಮ್ಮ ಜನ ಹೆದರೋದು ಎಚ್‌ಐವಿಗೆ, ನಿಜವಾಗಿ ಹೆದರಬೇಕಾಗಿರೋದು ಹೆಪಟೈಟಿಸ್ ಬಿಗೆ. ಒಣಗಿದ ರಕ್ತದಲ್ಲೂ ಆ ವೈರಸ್ ಒಂದು ವಾರ ಬದುಕಿರುತ್ತೆ. ಖುಷಿ ವಿಷ್ಯ ಅಂದ್ರೆ ಇದಕ್ಕೆ ವ್ಯಾಕ್ಸಿನ್ ಇದೆ, ಮೂರು ಡೋಸ್, ಮೊದಲನೇದು, ಒಂದು ತಿಂಗಳಿಗೆ ಇನ್ನೊಂದು, ಆರು ತಿಂಗಳಿಗೆ ಮತ್ತೊಂದು. ಮುಗಿದ ಮೇಲೆ ರಕ್ತದಲ್ಲಿ ರಕ್ಷಣೆ ಕೊಡೋ ಆಂಟಿಬಾಡಿ ಎಷ್ಟಿದೆ ಅಂತ ಅಳೆಯೋ ಟೈಟರ್ ಅನ್ನೋ ಟೆಸ್ಟ್ ಮಾಡಿ 10ರ ಮೇಲೆ ಇದ್ರೆ ನೆಮ್ಮದಿ.

"ಪುಟ್ಟಿ, ಎಷ್ಟು ಡೋಸ್ ಆಗಿದೆ?"

"ಎರಡಕ್ಕ. ಮೂರನೇದು ಕೊಡೋ ಹೊತ್ತಿಗೆ ಲಾಕ್‌ಡೌನ್ ಆಯ್ತು, ಕಾಲೇಜ್ ಮುಚ್ಚಿದ್ರು."

ಆಮೇಲೆ ಕಾಲೇಜೂ ಕೇಳಲಿಲ್ಲ, ಕೆಲ್ಸಕ್ಕೆ ಸೇರಿಸ್ಕೊಂಡಾಗ ನಾವೂ ಕೇಳಲಿಲ್ಲ. 2016ರ ಬಯೋಮೆಡಿಕಲ್ ವೇಸ್ಟ್ ರೂಲ್ಸಲ್ಲಿ ಸ್ಪಷ್ಟವಾಗಿ ಇದೆ, ಆಸ್ಪತ್ರೆ ಕಸ ಮುಟ್ಟೋ ಎಲ್ರಿಗೂ ಹೆಪಟೈಟಿಸ್ ಬಿ ಮತ್ತೆ ಟೆಟನಸ್ ಇಂಜೆಕ್ಷನ್ ಆಸ್ಪತ್ರೆಯವರೇ ಕೊಡಿಸಬೇಕು, ಸೇರುವಾಗ ಮತ್ತೆ ವರ್ಷಕ್ಕೊಂದು ಸಲ ಹೆಲ್ತ್ ಚೆಕಪ್ ಮಾಡಿಸಬೇಕು ಅಂತ. ನಮ್ಮಲ್ಲಿ ಚೆಕಪ್ ಆಗ್ತಿತ್ತು, ರಿಜಿಸ್ಟರಲ್ಲಿ. ಎಲ್ರ ಬಿಪಿನೂ 120/80.

ಹಿಟ್ಟು ಹಂಗೇ ಮುಚ್ಚಿಟ್ಟು ಸ್ಕೂಟಿ ತಗೊಂಡು ಹೋದೆ. ಪುಟ್ಟಿನ ಕೂರಿಸ್ಕೊಂಡು ಜಿಲ್ಲಾ ಆಸ್ಪತ್ರೆ ಕ್ಯಾಜುಯಲ್ಟಿಗೆ. ಅಲ್ಲಿದ್ದ ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗ, ಯಾವ ಆಸ್ಪತ್ರೆ ಯಾಕೆ ಹೆಂಗೆ ಏನೂ ಕೇಳಲಿಲ್ಲ, ಕೇಳಿದ್ದು ಒಂದೇ, "ಎಷ್ಟೊತ್ತಿಗೆ ಆಯ್ತು?" ಮೂವತ್ತೊಂಬತ್ತು ಗಂಟೆ ಆಗಿತ್ತು. ಎಚ್‌ಐವಿ ತಡೆಯೋ ಮಾತ್ರೆ ಎರಡು ಗಂಟೆ ಒಳಗೆ ಶುರು ಮಾಡಿದ್ರೆ ಒಳ್ಳೇದು, 72 ಗಂಟೆ ದಾಟಿದ್ರೆ ಉಪಯೋಗ ಇಲ್ಲ. ಪೇಷಂಟಿನ ಎಚ್‌ಐವಿ ರಿಪೋರ್ಟ್ ಬರೋವರೆಗೂ ಕಾಯಬೇಡಿ, ಮೊದಲ ಡೋಸ್ ತಗೊಳ್ಳಿ, ನೆಗೆಟಿವ್ ಬಂದ್ರೆ ನಿಲ್ಲಿಸೋಣ, ಇಲ್ಲಾಂದ್ರೆ 28 ದಿನ ಅಂದ್ರು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಮಾತ್ರೆ, ಫ್ರೀ. ಕ್ಯಾಜುಯಲ್ಟಿ ಮುಂದಿನ ಕಲ್ಲು ಬೆಂಚಲ್ಲಿ ಕೂತು ನುಂಗಿದ್ಲು. ಬಯ್ಯೋರು ಬಯ್ಯಲಿ, ಈ ವಿಷಯದಲ್ಲಿ ನಾನು ಸರ್ಕಾರಿ ಆಸ್ಪತ್ರೆಗೆ ಕೈ ಮುಗೀತೀನಿ.

ಆದ್ರೆ ಹೆಪಟೈಟಿಸ್ ಬಿ ಇಮ್ಯುನೋಗ್ಲೋಬುಲಿನ್ ಅವರ ಹತ್ರ ಆ ಹೊತ್ತಿಗೆ ಸ್ಟಾಕ್ ಇರಲಿಲ್ಲ. ಇದು ರೆಡಿಮೇಡ್ ಆಂಟಿಬಾಡಿ, 24 ಗಂಟೆ ಒಳಗೆ ಕೊಟ್ರೆ ತುಂಬಾ ಒಳ್ಳೇದು, ಚುಚ್ಚಿ ಏಳು ದಿನ ಆದ ಮೇಲೆ ಕೊಟ್ರೆ ಕೆಲ್ಸ ಮಾಡುತ್ತೆ ಅಂತ ಯಾರೂ ಗ್ಯಾರಂಟಿ ಕೊಡಲ್ಲ. ಟೈಟರ್‌ಗೆ ಬ್ಲಡ್ ಬೆಂಗಳೂರಿಗೆ ಹೋಗಬೇಕು, ಎರಡು ದಿನ. ಅಷ್ಟು ಕಾಯೋ ಹಂಗಿರಲಿಲ್ಲ. ನಮ್ಮ ಕೆಳಗಿನ ಮೆಡಿಕಲ್ ಶಾಪಿನ ಅಣ್ಣ ರಾತ್ರಿ ಹತ್ತು ಗಂಟೆಗೆ ಹುಬ್ಬಳ್ಳಿ ಡಿಸ್ಟ್ರಿಬ್ಯೂಟರ್‌ಗೆ ಫೋನ್ ಹಚ್ಚಿದ್ರು, ಅಲ್ಲಿ ಇತ್ತು. ಬೆಲೆ ಕೇಳಿ ಪುಟ್ಟಿ ಬೆಂಚಿನ ಮೇಲೆ ಕೂತುಬಿಟ್ಲು, ಅವಳ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ.

ಮ್ಯಾನೇಜರ್‌ಗೆ ಫೋನ್ ಮಾಡಿದೆ. "ಮೊದ್ಲು ಅವ್ರೇ ತಗೊಳ್ಲಿ ಸಿಸ್ಟರ್, ಬಿಲ್ ಇಟ್ಕೊಳ್ಳಿ, ಆಮೇಲೆ ನೋಡೋಣ. ಹೊರಗಡೆ ಎಲ್ಲೂ ಮಾತಾಡೋದು ಬೇಡ." ಎರಡನೇ ವಾಕ್ಯ ಹೇಳುವಾಗ ದನಿ ಗಟ್ಟಿಯಾಗಿತ್ತು. ನಾವು ನಾಲ್ಕು ಜನ ಫೋನ್‌ಪೇ ಮಾಡಿ ದುಡ್ಡು ಸೇರಿಸಿದ್ವಿ, ಮಗೂಗೆ ಜ್ವರ ಅಂತ ಬರದೇ ಇದ್ರಲ್ಲ ಆ ಸಿಸ್ಟರ್ ಎಲ್ರಿಗಿಂತ ಜಾಸ್ತಿ ಹಾಕಿದ್ರು, ಅವರಿಗೆ ನಾವ್ಯಾರೂ ಕೇಳೇ ಇರಲಿಲ್ಲ.

ಗುರುವಾರ ಬೆಳಗ್ಗೆ ಕೆಎಸ್ಆರ್‌ಟಿಸಿ ಬಸ್ಸಲ್ಲಿ ಥರ್ಮಾಕೋಲ್ ಡಬ್ಬ ಬಂತು, ಐಸ್ ಪ್ಯಾಕ್ ಇನ್ನೂ ತಣ್ಣಗಿತ್ತು. ಮಧ್ಯಾಹ್ನ ಹನ್ನೆರಡೂವರೆಗೆ ಕೊಟ್ವಿ, ಚುಚ್ಚಿ 56 ಗಂಟೆ ಆದ್ಮೇಲೆ. ಮೂರನೇ ಡೋಸ್ ವ್ಯಾಕ್ಸಿನ್ ಅವಾಗ್ಲೇ ಮೈಯ ಬೇರೆ ಜಾಗದಲ್ಲಿ. ಎರಡೂ ನಾನೇ ಕೊಟ್ಟಿದ್ದು. ಆಮೇಲೆ ಟೈಟರ್ ರಿಪೋರ್ಟ್ ಬಂದಾಗ 10ಕ್ಕಿಂತ ಕಡಿಮೆ ಇತ್ತು, ಅಂದ್ರೆ ಎರಡು ಡೋಸ್ ಅವಳನ್ನ ಕಾಯ್ತಿರಲಿಲ್ಲ. ಕಾಯ್ಕೊಂಡು ಕೂತಿದ್ರೆ ಅನ್ನೋದನ್ನ ಯೋಚಿಸೋಕೆ ನಂಗೆ ಇಷ್ಟ ಇಲ್ಲ.

ಪೇಷಂಟ್ ಹತ್ರ ಮಾತಾಡೋದೂ ನನ್ನ ಪಾಲಿಗೇ ಬಂತು. ಅವರ ಒಪ್ಪಿಗೆ ಇಲ್ದೇ ಎಚ್‌ಐವಿ ಟೆಸ್ಟ್ ಮಾಡೋ ಹಂಗಿಲ್ಲ, 2017ರ ಎಚ್‌ಐವಿ ಕಾಯ್ದೇಲಿ ಅದು ಇದೆ. ಮ್ಯಾನೇಜರ್ ಸಲಹೆ ಏನಿತ್ತು ಅಂದ್ರೆ "ಹೆಂಗೂ ಬ್ಲಡ್ ಎಳೀತೀರಲ್ಲ, ಅದ್ರಲ್ಲೇ ಹಾಕ್ಬಿಡಿ." ಹಾಕಲಿಲ್ಲ. ಮಂಚದ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತು ನಡೆದದ್ದು ನಡೆದ ಹಾಗೇ ಹೇಳಿದೆ. ಆ ಯಜಮಾನರು ಎದ್ದು ಕೂತ್ಕೊಂಡು, "ನನ್ನಿಂದ ಆ ಮಗೀಗೆ ಏನಾರ ಆಗೇತೇನವ್ವಾ?" ಅಂತ ಕೇಳಿ, ನಾನು ಉತ್ರ ಕೊಡೋಕೆ ಮುಂಚೇನೇ ತೋಳು ಮುಂದೆ ಚಾಚಿದ್ರು. ಎಚ್‌ಐವಿ ನೆಗೆಟಿವ್, ಹೆಪಟೈಟಿಸ್ ಸಿ ನೆಗೆಟಿವ್. ಪುಟ್ಟಿಯ ಮಾತ್ರೆ ಅಲ್ಲಿಗೆ ನಿಂತ್ವು. ಇನ್ನೊಂದು ವಿಷ್ಯ ಅವಾಗ್ಲೇ ಗೊತ್ತಾಗಿದ್ದು, 2019ರಲ್ಲಿ ಅವರಿಗೆ "ಕಾಮಾಲೆ ಐತಿ" ಅಂತ ಅಷ್ಟೇ ಹೇಳಿ ಕಳ್ಸಿದ್ರಂತೆ, ಹೆಂಡ್ತಿ ಮಕ್ಕಳಿಗೆ ಟೆಸ್ಟ್ ಮಾಡ್ಸಿ ವ್ಯಾಕ್ಸಿನ್ ಹಾಕ್ಸಬೇಕು ಅಂತ ಯಾರೂ ಹೇಳಿರಲಿಲ್ಲ. ಅದನ್ನೂ ಹೇಳಿ, ಚೀಟಿ ಬರ್ಕೊಟ್ಟೆ. ಮಾಡಿಸಿದ್ರೋ ಬಿಟ್ರೋ.

ಆಮೇಲಿನ ಆರು ತಿಂಗಳನ್ನ ಮೆಡಿಕಲ್ ಭಾಷೇಲಿ ಫಾಲೋಅಪ್ ಅಂತಾರೆ. ಪುಟ್ಟಿ ಪಾಲಿಗೆ ಏನಾಗಿತ್ತು ಅಂದ್ರೆ, ಹಾಸ್ಟೆಲಲ್ಲಿ ತನ್ನ ತಟ್ಟೆ ಲೋಟ ಬೇರೆ ಇಟ್ಕೊಂಡ್ಲು, ಬಾತ್‌ರೂಮಿಗೆ ಎಲ್ರಾದ್ಮೇಲೆ ಹೋಗ್ತಿದ್ಲು. ತಟ್ಟೆ ಲೋಟದಿಂದ ಬರಲ್ಲ ಕಣೇ, ನೀನೇ ಪೇಷಂಟ್‌ಗಳಿಗೆ ಹೇಳೋ ಮಾತು ಇದು ಅಂದ್ರೆ "ಗೊತ್ತಕ್ಕ" ಅನ್ನೋಳು, ಲೋಟ ಮಾತ್ರ ಬೇರೆ. ಮನೇಲಿ ಗಂಡು ನೋಡ್ತಿದ್ರು. ಹಾವೇರಿ ಕಡೆ ಒಂದು ಸಂಬಂಧ ಬಂದಿತ್ತು, ಹುಡುಗ ಕೆಇಬಿಲಿ ಲೈನ್‌ಮ್ಯಾನ್, ಒಳ್ಳೇ ಮನೆ. ಅವಳು ಅಪ್ಪನ ಹತ್ರ "ಆರು ತಿಂಗಳು ಬೇಡ" ಅಂತ ಹೇಳಿದ್ಲು, ಕಾರಣ ಹೇಳಲಿಲ್ಲ. ಕಾರಣ ಹೇಳದೇ ಇದ್ರೆ ಹಳ್ಳೀಲಿ ಏನಂತಾರೆ, ಯಾರನ್ನೋ ನೋಡ್ಕೊಂಡಿದಾಳೆ ಅಂತಾರೆ. ಅವಳ ಅಮ್ಮ ನಂಗೇ ಫೋನ್ ಮಾಡಿ "ನೀವಾದ್ರೂ ಕೇಳಿ ಸಿಸ್ಟರ್, ಯಾರಾದ್ರೂ ಇದಾರಾ ಅಂತ" ಅಂದ್ರು. ನಾನು ಇಲ್ಲ ಅಂದೆ. ಅಷ್ಟೇ ಅಂದೆ.

ಆ ಮಧ್ಯೆ ನಾನು ಒಂದು ಕೆಲ್ಸ ಮಾಡಿದೆ, ತಡವಾಗಿ ಆದ್ರೂ. ಒಂದು ನೋಟ್‌ಬುಕ್ ಹಿಡ್ಕೊಂಡು ಎಲ್ರ ಹತ್ರ ಹೋಗಿ ಕೇಳಿದೆ. ಒಂಬತ್ತು ನರ್ಸಲ್ಲಿ ಮೂರೂ ಡೋಸ್ ಆಗಿದ್ದವರು ನಾಲ್ಕು ಜನ. ಟೈಟರ್ ನೋಡ್ಸಿದವರು ಸೊನ್ನೆ. ಆಯಾಗಳು ಆರು ಜನ, ಅವರಲ್ಲಿ ಒಬ್ರಿಗೂ ಒಂದು ಡೋಸೂ ಆಗಿರಲಿಲ್ಲ. ಆ ಸಲೈನ್ ಬಾಟ್ಲು ಖಾಲಿ ಮಾಡ್ತಿದ್ದವರು ಯಾರು, ಅವರೇ. ಅದರಲ್ಲಿ ದೊಡ್ಡವರೊಬ್ರು ಅಂಗೈ ತೋರಿಸಿ "ಇಲ್ಲೊಂದು, ಇಲ್ಲೊಂದು, ಇದು ಹೋದ ಯುಗಾದೀಲಿ. ನಮಗೆ ಚುಚ್ಚಿದ್ರೆ ಯಾರ್ ಕೇಳ್ತಾರೆ ಬಿಡಿ ಸಿಸ್ಟರಮ್ಮ" ಅಂದ್ರು. ನಾನು ಪುಟ್ಟಿ ಕೇಸು ಹಿಡ್ಕೊಂಡು ಇಷ್ಟೆಲ್ಲಾ ಓಡಾಡಿದವಳು, ಅವರ ಕೈ ಅವತ್ತೇ ಮೊದಲನೇ ಸಲ ನೋಡಿದ್ದು.

ಬೇರೆ ತೊಂದರೆಗಳನ್ನ ಬರೆಯೋಕೆ ಹೋದ್ರೆ ಮುಗಿಯಲ್ಲ. ಸೊಂಟ ನೋವು ಒಂಬತ್ತರಲ್ಲಿ ಏಳು ಜನಕ್ಕೆ, ಪೇಷಂಟ್ ಎತ್ತಿ ಎತ್ತಿ. ಯೂರಿನ್ ಇನ್ಫೆಕ್ಷನ್ ವರ್ಷಕ್ಕೆ ಎರಡು ಸಲ ಗ್ಯಾರಂಟಿ, ಟಾಯ್ಲೆಟ್‌ಗೆ ಹೋಗೋಕೆ ಟೈಮ್ ಇಲ್ಲ ಅಂತ ನೀರೇ ಕುಡಿಯಲ್ಲ ನಾವು. ಅಟೆಂಡರ್‌ಗಳ (ಪೇಷಂಟ್ ಕಡೆಯವರ) ಕೈ ನಮ್ಮ ಮೇಲೆ ಬರೋದು, ಅದರ ವಿರುದ್ಧ 2009ರಿಂದ ಕಾನೂನಿದೆ, ಕಂಪ್ಲೇಂಟ್ ಕೊಡೋಕೆ ಬಿಡೋ ಆಸ್ಪತ್ರೆ ಇಲ್ಲ. ರಾತ್ರಿ ಪಾಳಿಯನ್ನೇ ಡಬ್ಲ್ಯೂಎಚ್ಒದ ಕ್ಯಾನ್ಸರ್ ಸಂಸ್ಥೆ 2007ರಲ್ಲಿ ಕ್ಯಾನ್ಸರ್ ತರಬಹುದಾದವುಗಳ ಪಟ್ಟಿಗೆ ಹಾಕಿದೆ, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲೇ ಇಟ್ಟಿದೆ. ಇದನ್ನ ಸ್ಟಾಫ್ ರೂಮಲ್ಲಿ ಹೇಳಿದ್ರೆ ಎಲ್ರೂ ಬಿದ್ದು ಬಿದ್ದು ನಕ್ಕರು.

ಕಾನೂನಿನ ಕಡೆ ನೋಡಿದ್ರೆ ನರ್ಸ್‌ಗೆ ಏನೂ ಇಲ್ಲ ಅಂತಲ್ಲ, ಬೇಕಾದಷ್ಟಿದೆ, ಅದೇ ಹೊಟ್ಟೆ ಉರಿಯೋದು. ಅದೇ 2017ರ ಎಚ್‌ಐವಿ ಕಾಯ್ದೆ ಪ್ರಕಾರ ಸೋಂಕು ತಗುಲೋ ಅಪಾಯ ಇರೋ ಕೆಲಸಗಾರರಿಗೆ ಮುನ್ನೆಚ್ಚರಿಕೆ ಸಾಮಾನು, ಟ್ರೈನಿಂಗು, ಚುಚ್ಚಿದ ಮೇಲಿನ ಔಷಧಿ ಎಲ್ಲಾ ಕೊಡೋದು ಆಸ್ಪತ್ರೆ ಜವಾಬ್ದಾರಿ. ಆಸ್ಪತ್ರೆ ಕೆಲ್ಸದಲ್ಲಿ ತಗುಲೋ ಸಾಂಕ್ರಾಮಿಕ ರೋಗ ವೃತ್ತಿ ಕಾಯಿಲೆ ಅಂತ ಕೆಲಸಗಾರರ ವಿಮೆ ಯೋಜನೆಯಾದ ಇಎಸ್‌ಐ ಪಟ್ಟೀಲೇ ಇದೆ, 21,000ದ ಒಳಗಿನ ಸಂಬಳಕ್ಕೆ ಇಎಸ್‌ಐ ಅನ್ವಯ, ಪುಟ್ಟಿದು 13,500. ಆದ್ರೆ ರಿಜಿಸ್ಟರಲ್ಲಿ ಅವಳು ಸ್ಟಾಫ್ ನರ್ಸ್ ಅಲ್ಲ, "ಟ್ರೈನಿ", ಒಂಬತ್ತು ತಿಂಗಳಾದ್ರೂ ಟ್ರೈನಿ, ಟ್ರೈನಿಗೆ ಇಎಸ್‌ಐ ಕಟ್ಟಿರಲಿಲ್ಲ. ಒಬ್ಬಳೇ ನೈಟಲ್ಲಿ 22 ಪೇಷಂಟ್ ನೋಡೋ ಟ್ರೈನಿ. ಇನ್ನು ಸಂಬಳ, 2016ರ ಜನವರಿಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರದ ಕಮಿಟಿ ಒಂದು ಲೆಕ್ಕ ಕೊಡ್ತು, 50 ಬೆಡ್ಡಿಗಿಂತ ಚಿಕ್ಕ ಆಸ್ಪತ್ರೇಲೂ ನರ್ಸ್‌ಗೆ ತಿಂಗಳಿಗೆ 20,000ಕ್ಕಿಂತ ಕಮ್ಮಿ ಕೊಡಬಾರದು ಅಂತ. ಶಿಫಾರಸು ಅದು. ಶಿಫಾರಸು ಅಂದ್ರೆ ಏನು ಅಂತ ನಿಮಗೂ ಗೊತ್ತು.

ಮ್ಯಾನೇಜ್‌ಮೆಂಟ್ ಜೊತೆ ಕೂತಾಗ ಈ ಕಾಯ್ದೆಗಳ ಪ್ರಿಂಟ್‌ಔಟ್ ಹಿಡ್ಕೊಂಡು ಹೋಗಿದ್ದೆ, ಅವು ಕೆಲ್ಸಕ್ಕೆ ಬರ್ಲಿಲ್ಲ. ಕೆಲ್ಸಕ್ಕೆ ಬಂದಿದ್ದು ಆ ಸಲೈನ್ ಬಾಟ್ಲಿನ ಫೋಟೋ. ಬುಧವಾರ ರಾತ್ರಿ ಸುಮ್ನೆ ಒಂದು ತೆಗೆದಿಟ್ಟಿದ್ದೆ. ದೊಡ್ಡ ಡಾಕ್ಟರ್ ಅದನ್ನ ಜೂಮ್ ಮಾಡಿ ನೋಡಿದ್ರು, ಏನೂ ಮಾತಾಡಲಿಲ್ಲ, ಅವರ ಸ್ವಂತ ಮಗಳು ಆ ವರ್ಷ ಎಂಬಿಬಿಎಸ್ ಇಂಟರ್ನ್‌ಶಿಪ್ಪಲ್ಲಿ ಇದ್ಲು. ವಾರದೊಳಗೆ ಬಿಳಿ ಡಬ್ಬಗಳು ಸ್ಟೋರಿಂದ ವಾರ್ಡಿಗೆ ಬಂದ್ವು, ಹೊಸ ಕಟರ್ ಬಂತು, ಆರು ಮತ್ತೆ ಆರೂವರೆ ಸೈಜಿನ ಗ್ಲೌಸ್ ಬಂತು. ನರ್ಸು, ಆಯಾ, ಲ್ಯಾಬ್ ಹುಡುಗ ಎಲ್ರಿಗೂ ವ್ಯಾಕ್ಸಿನ್ ಶುರುವಾಯ್ತು. ಪುಟ್ಟಿ ಇಂಜೆಕ್ಷನ್ ದುಡ್ಡು ವಾಪಸ್ ಬಂತು, ಮೂರು ಕಂತಲ್ಲಿ. ಆ ಬ್ರದರ್ ಹತ್ರ ಹಿಡಿದಿದ್ದ ಟೆಸ್ಟ್ ದುಡ್ಡನ್ನೂ ಕೊಡಿ ಅಂತ ಕೇಳ್ದೆ, ಅವನು ಅಷ್ಟೊತ್ತಿಗೆ ಬಿಟ್ಟು ಸೌದಿಗೆ ಹೋಗಿದ್ದ, ಹಳೇದು ಬಿಡಿ ಅಂದ್ರು. ಅವನ ರಿಪೋರ್ಟಲ್ಲಿ "ಅಜಾಗರೂಕತೆ" ಅನ್ನೋದನ್ನ ನಾನೇ ಹೊಡೆದು ಹಾಕಿ ಪಕ್ಕದಲ್ಲಿ "ಡಬ್ಬ ತುಂಬಿತ್ತು" ಅಂತ ಬರ್ದು ಡೇಟ್ ಹಾಕಿ ಸೈನ್ ಮಾಡ್ದೆ, ಅವನ ಕೇಸಲ್ಲೂ ಅದೇ ಆಗಿತ್ತು.

ನರ್ಸ್‌ಗಳ ಸಂಖ್ಯೆ ಮಾತ್ರ ಒಂಬತ್ತೇ ಉಳೀತು. ಡಬಲ್ ಡ್ಯೂಟಿ ನಿಲ್ಲಲಿಲ್ಲ. ರೋಸ್ಟರ್ ನಾನೇ ಹಾಕ್ತಿದ್ದೆ, ಒಂದು ಬದಲಾವಣೆ ಮಾಡ್ಕೊಂಡೆ ಅಷ್ಟೇ, ಯಾರು ಡಬಲ್ ಮಾಡ್ತಾರೋ ಅವರು ಬೆಳಗಿನ ಜಾವದ ಬ್ಲಡ್ ಎಳೆಯೋ ಹಂಗಿಲ್ಲ, ಲ್ಯಾಬ್ ಹುಡುಗ ಐದಕ್ಕೇ ಬರಬೇಕು ಅಂತ. ಅವನು ನಂಗೆ ಈಗ್ಲೂ ಶಾಪ ಹಾಕ್ತಾನೆ ಅನ್ಸುತ್ತೆ.

ಫೆಬ್ರವರಿ 2023, ಆರು ತಿಂಗಳ ಟೆಸ್ಟು. ಎಚ್‌ಬಿಎಸ್ಎಜಿ ನೆಗೆಟಿವ್, ವೈರಸ್ ಯಾವತ್ತಾದ್ರೂ ಮೈಗೆ ತಗುಲಿತ್ತಾ ಅಂತ ಹೇಳೋ ಕೋರ್ ಆಂಟಿಬಾಡಿನೂ ನೆಗೆಟಿವ್, ಟೈಟರ್ ಇನ್ನೂರರ ಮೇಲೆ. ಇಮ್ಯುನೋಗ್ಲೋಬುಲಿನ್ ಕೊಟ್ಟಿದ್ರೆ ಟೈಟರ್ ಬೇಗ ನೋಡಬಾರದು, ಕೊಟ್ಟ ಆಂಟಿಬಾಡಿನೇ ತೋರಿಸಿ ಮೋಸ ಮಾಡುತ್ತೆ, ಅದಕ್ಕೇ ಅಷ್ಟು ಕಾದಿದ್ವಿ. ರಿಪೋರ್ಟ್ ವಾಟ್ಸಾಪಲ್ಲಿ ಬಂದಾಗ ಅವಳು ಡ್ಯೂಟಿಲಿ ಇದ್ಲು, ಮೆಡಿಸಿನ್ ಟ್ರಾಲಿ ಹಿಡ್ಕೊಂಡೇ ಓದಿದ್ಲು, ಓದಿ ಮೊಬೈಲ್ ಜೇಬಿಗೆ ಹಾಕಿ 9ನೇ ಬೆಡ್ಡಿಗೆ ಆಂಟಿಬಯೋಟಿಕ್ ಕೊಟ್ಟು ಬಂದು ಆಮೇಲೆ ಸ್ಟೋರ್ ರೂಮಲ್ಲಿ ಕೂತು ಅತ್ತಳು. ಲೈನ್‌ಮ್ಯಾನ್ ಹುಡುಗನಿಗೆ ಅಷ್ಟೊತ್ತಿಗೆ ಬೇರೆ ಕಡೆ ನಿಶ್ಚಯ ಆಗಿತ್ತು.

ಮಾರ್ಚಲ್ಲಿ ಬಿಟ್ಲು. ಬಾಂಡ್ ಇನ್ನೂ ಎಂಟು ತಿಂಗಳಿತ್ತು, ಮೂರು ತಿಂಗಳ ಸಂಬಳ ಕೇಳಿದ್ರು, ನಾನು ದೊಡ್ಡ ಡಾಕ್ಟರ್ ಹತ್ರ ಹೋಗಿ ಫೋಟೋ ಇನ್ನೂ ನನ್ನ ಮೊಬೈಲಲ್ಲಿದೆ ಸರ್ ಅಂದೆ, ಅದನ್ನ ಹೆಂಗ್ ಬೇಕಾದ್ರೂ ಅರ್ಥ ಮಾಡ್ಕೊಳ್ಳಿ. ಬಿಟ್ಕೊಟ್ರು. ಸರ್ಟಿಫಿಕೇಟ್ ತಗೊಳ್ಳೋಕೆ ಇಬ್ರೂ ಆಫೀಸಿಗೆ ಹೋದ್ವಿ. ಕ್ಲರ್ಕ್ ಗಾಡ್ರೆಜ್ ಬೀರು ತೆಗೆದು, ಕೆಳಗಿನ ಅರೇಲಿ ಕಂದು ಕವರ್‌ಗಳು ಒಂದರ ಮೇಲೊಂದು, ಒಂದೊಂದೇ ಹೆಸರು ಓದಿ ಪಕ್ಕಕ್ಕೆ ಇಡ್ತಾ ಬಂದ. ಅವಳದು ಮಧ್ಯದಲ್ಲೆಲ್ಲೋ ಇತ್ತು. ಅದಕ್ಕೆ ಮುಂಚೆ ನಂದು ಬಂತು. ಎಂಟು ವರ್ಷದ ಧೂಳು, ಹೆಸರು ನನ್ನ ಹಳೇ ಇನಿಷಿಯಲ್‌ನಲ್ಲಿ, ಮದುವೆಗೆ ಮುಂಚಿಂದು. ಪುಟ್ಟಿ ನೋಡಿ, "ಅಕ್ಕಾ, ನಿಮ್ದೂ ಇಲ್ಲೇ ಇದ್ಯಾ?" ಅಂದ್ಲು.

ಕ್ಲರ್ಕ್ ಅದನ್ನ ಪಕ್ಕಕ್ಕಿಟ್ಟು ಮುಂದಿನ ಕವರ್ ತಗೊಂಡ.